ಪೌರಕಾರ್ಮಿಕರ ಸುರಕ್ಷಾ ಕಿಟ್: ಹತ್ತು ಗಂಟೆಯ ಹೊತ್ತಿಗೆ ಮೈಮೇಲೆ ಏನುಳಿದಿರುತ್ತದೆ?

ಒಂದು ಜೊತೆ ಗ್ಲೌಸ್, ಒಂದು ಜೊತೆ ಗಮ್‌ಬೂಟ್, ಮಾಸ್ಕ್, ಮಿನುಗುವ ಪಟ್ಟಿಯ ಜಾಕೆಟ್, ರೇನ್‌ಕೋಟ್, ಕೆಲವು ಕಡೆ ಟೋಪಿ. ನಗರಸಭೆ ಕೊಳ್ಳಲಿ, ಗುತ್ತಿಗೆದಾರರು ಕೊಳ್ಳಲಿ, ಅಪಾರ್ಟ್‌ಮೆಂಟ್ ಸಂಘ ಕೊಳ್ಳಲಿ, ಕಂಪನಿಯವರು ದಾನ ಕೊಡಲಿ, ಪೌರಕಾರ್ಮಿಕರ ಸುರಕ್ಷಾ ಕಿಟ್ ಎಂದರೆ ಹೆಚ್ಚುಕಡಿಮೆ ಇಷ್ಟೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೂ ಇದೇ ಪಟ್ಟಿ ಇತ್ತು: ಸಮವಸ್ತ್ರ, ಫ್ಲೋರೊಸೆಂಟ್ ಜಾಕೆಟ್, ಕೈಗವಸು, ರೇನ್‌ಕೋಟ್, ಸೂಕ್ತ ಪಾದರಕ್ಷೆ, ಮಾಸ್ಕ್. ಅದರ ಜೊತೆಗೇ ಇನ್ನೊಂದು ಮಾತಿತ್ತು. ಕೊಟ್ಟದ್ದು ಬಳಕೆಯಾಗುವಂತೆ ನೋಡಿಕೊಳ್ಳಬೇಕು. ಈ ವಿಮರ್ಶೆಗೆ ಆ ಮಾತೇ ಅಳತೆಗೋಲು.

ಹಾಜರಾತಿ ಕೂಗುವ ಆರು-ಆರೂವರೆಗೆ ಎಲ್ಲರ ಮೈಮೇಲೂ ಎಲ್ಲವೂ ಇರುತ್ತದೆ. ಹತ್ತು ಗಂಟೆಗೆ ಅದೇ ಬೀದಿಗೆ ಹೋದರೆ ಗ್ಲೌಸ್ ತಳ್ಳುಗಾಡಿಯ ಹಿಡಿಗೆ ನೇತುಬಿದ್ದಿರುತ್ತದೆ, ಮಾಸ್ಕ್ ಗದ್ದಕ್ಕೆ ಇಳಿದಿರುತ್ತದೆ, ಬೂಟು ಚೀಲ ಸೇರಿ ಕಾಲಿಗೆ ಹವಾಯಿ ಚಪ್ಪಲಿ ಬಂದಿರುತ್ತದೆ. ‘ಅವರಿಗೆ ಅರಿವಿಲ್ಲ, ಕೊಟ್ಟರೂ ಹಾಕಿಕೊಳ್ಳುವುದಿಲ್ಲ’ ಎನ್ನುವುದು ರೂಢಿಯ ಉತ್ತರ. ಅದು ಅನ್ಯಾಯದ ಉತ್ತರ. ಬಹಳ ಸಲ ಆ ವಸ್ತು ಹಾಕಿಕೊಂಡು ಆ ಕೆಲಸ ಮಾಡಲು ಆಗುವುದೇ ಇಲ್ಲ. ಹಾಗಾಗಿ ಇಲ್ಲಿ ಪ್ರತಿ ವಸ್ತುವನ್ನೂ ನಾಲ್ಕನೇ ಗಂಟೆಯಲ್ಲಿ ಏನಾಗುತ್ತದೆ ಎಂಬುದರ ಮೇಲೆ ತೂಗಿದೆ.

ಗ್ಲೌಸ್

ಕಿಟ್‌ನಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರಬೇಕಾದದ್ದು ಇದು. ಅತಿ ಕೆಟ್ಟದಾಗಿ ಕೊಳ್ಳುವುದೂ ಇದನ್ನೇ.

ಮಾರುಕಟ್ಟೆಯಲ್ಲಿ ಅತಿ ಅಗ್ಗಕ್ಕೆ ಸಿಗುವುದು ನೂಲಿನ ಬಿಳಿ ಗ್ಲೌಸ್. ಅಂಗೈ ಮೇಲೆ ಚುಕ್ಕಿ ಚುಕ್ಕಿ ಪಿವಿಸಿ ಇರುವುದೂ ಇದೇ ಜಾತಿ. ಪೊರಕೆ ಹಿಡಿದು ಒಣ ಎಲೆ ಗುಡಿಸುವಾಗ ಬೊಬ್ಬೆ ಬರದಂತೆ ಕಾಯುತ್ತದೆ, ಅಷ್ಟೇ. ಹಸಿ ಕಸ ಮುಟ್ಟಿದ ಮರುಕ್ಷಣ ಕಸದ ನೀರನ್ನು ಹೀರಿಕೊಂಡು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಬರಿಗೈಯಾದರೆ ನಲ್ಲಿಯಲ್ಲಿ ತೊಳೆದುಕೊಳ್ಳಬಹುದು. ಈ ಗ್ಲೌಸ್ ಹಾಕಿದವರ ಕೈ ಮಧ್ಯಾಹ್ನದವರೆಗೂ ಅದೇ ನೀರಿನಲ್ಲಿ ನೆನೆಯುತ್ತದೆ. ಹಸಿ ಕಸದ ಕೆಲಸಕ್ಕೆ ಇದನ್ನು ಕೊಡಲೇಬಾರದು.

ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸ್ ನೀರು ತಡೆಯುತ್ತದೆ. ಆದರೆ ಒಳಗಿನ ಬೆವರನ್ನೂ ಹೊರಗೆ ಬಿಡುವುದಿಲ್ಲ. ಎರಡು ಗಂಟೆಯಲ್ಲಿ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟುತ್ತದೆ, ದಿನ ಕಳೆದಂತೆ ಬೆರಳ ಸಂದಿಯಲ್ಲಿ ತುರಿಕೆ, ಉಗುರುಸುತ್ತು ಶುರುವಾಗುತ್ತವೆ. ಒಡೆದ ಬಾಟಲಿಯ ಚೂರಿಗಂತೂ ಇದು ಕಾಗದವಿದ್ದಂತೆ. ಮೊಣಕೈವರೆಗಿನ ದಪ್ಪ ಪಿವಿಸಿ ಗ್ಲೌಸ್ ಮೋರಿಯ ಹೂಳು ಎತ್ತುವವರಿಗೆ ಸರಿ. ಬೀದಿ ಕಸದವರಿಗೆ ಅದನ್ನು ಕೊಟ್ಟರೆ ತಾಸಿನೊಳಗೆ ಕಳಚಿಡುತ್ತಾರೆ.

ಏಕೆ ಕಳಚುತ್ತಾರೆ ಎಂಬುದನ್ನು ಸಮೀಪದಿಂದ ನೋಡಬೇಕು. ಮನೆಯವರು ಕಸವನ್ನು ತೆಳು ಪ್ಲಾಸ್ಟಿಕ್ ಕವರಿಗೆ ತುಂಬಿ, ಕಿವಿಗಳನ್ನು ಎರಡು ಸಲ ಗಂಟು ಹಾಕಿ ಕೊಡುತ್ತಾರೆ. ಹಸಿ, ಒಣ ಬೇರೆ ಮಾಡಬೇಕಾದರೆ ಆ ಗಂಟು ಬಿಚ್ಚಬೇಕು. ಗಂಟಿಗೆ ಹೆಬ್ಬೆರಳು, ತೋರುಬೆರಳ ತುದಿ ಬೇಕು. ದೊಡ್ಡ ಅಳತೆಯ ಗ್ಲೌಸ್‌ನಲ್ಲಿ ಬೆರಳಿಗಿಂತ ಮುಂದಕ್ಕೆ ಅರ್ಧ ಇಂಚು ಖಾಲಿ ತುದಿ ಇರುತ್ತದೆ. ಅದು ಕವರಿನ ಮೇಲೆ ಜಾರುತ್ತದೆ, ಇಲ್ಲವೇ ಗಂಟಿನೊಳಗೆ ಸಿಕ್ಕಿಕೊಳ್ಳುತ್ತದೆ. ಮೇಸ್ತ್ರಿ ಅವಸರಿಸುತ್ತಿರುತ್ತಾರೆ, ಆಟೋ ಟಿಪ್ಪರ್ ಮುಂದಿನ ಮನೆಗೆ ಹೊರಟಿರುತ್ತದೆ. ಬಲಗೈ ಗ್ಲೌಸ್ ಕಳಚುತ್ತದೆ. ಬರಿಗೈ ಕವರಿನೊಳಗೆ ಹೋಗುವುದು ಆಗಲೇ. ಬ್ಲೇಡು, ಇನ್ಸುಲಿನ್ ಸೂಜಿ, ಒಡೆದ ಬಲ್ಬು, ಬಳಸಿದ ಪ್ಯಾಡು ಇರುವುದೂ ಅದರೊಳಗೇ. ಗ್ಲೌಸ್ ಇದ್ದೂ ಇಲ್ಲದಂತಾಗುವುದು ಹೀಗೆ.

ಆದ್ದರಿಂದ ದಿನನಿತ್ಯಕ್ಕೆ ನಮ್ಮ ಆಯ್ಕೆ: ನೈಲಾನ್ ಅಥವಾ ಪಾಲಿಯೆಸ್ಟರ್ ನೇಯ್ಗೆಯ ಮೇಲೆ ನೈಟ್ರೈಲ್ ಎಂಬ ಕೃತಕ ರಬ್ಬರ್ ಅದ್ದಿದ ಗ್ಲೌಸ್. ಇದರಲ್ಲಿ ಎರಡು ಬಗೆ. ಅಂಗೈ ಮಾತ್ರ ಅದ್ದಿದ್ದು ಗುಡಿಸುವವರಿಗೆ. ಹಿಂಬದಿ ನೇಯ್ಗೆಯಿಂದ ಬೆವರು ಆರುತ್ತದೆ. ಪೂರ್ತಿ ಅದ್ದಿದ್ದು ಹಸಿ ಕಸ ಎತ್ತುವ ಲೋಡರ್‌ಗಳಿಗೆ. ಒಣ ಕಸ ಸಂಗ್ರಹ ಕೇಂದ್ರದಲ್ಲಿ ಗಾಜು, ತಗಡು ವಿಂಗಡಿಸುವವರಿಗೆ ಇದು ಸಾಲದು. ಅವರಿಗೆ ಕೊಯ್ತ ತಡೆಯುವ ನೂಲು ನೇಯ್ದ ಗ್ಲೌಸ್ ಬೇಕು.

ಗ್ಲೌಸಿನ ಹಿಂಬದಿಯಲ್ಲಿ ಸುತ್ತಿಗೆ ಚಿತ್ರದ ಜೊತೆ ಇಎನ್ 388 (ಗ್ಲೌಸಿನ ಯುರೋಪಿಯನ್ ಮಾನಕ) ಎಂದೂ ಒಂದಿಷ್ಟು ಅಂಕಿಯೂ ಇರುತ್ತವೆ. 4121ಎಕ್ಸ್ ಎಂದಿದ್ದರೆ ಮೊದಲ ಅಂಕಿ ಸವೆತಕ್ಕೆ, ಎರಡನೆಯದು ಕೊಯ್ತಕ್ಕೆ, ಮೂರನೆಯದು ಹರಿಯುವಿಕೆಗೆ, ನಾಲ್ಕನೆಯದು ಚುಚ್ಚುವಿಕೆಗೆ. ಕೊನೆಯ ಅಕ್ಷರ ಇನ್ನೊಂದು ಕೊಯ್ತ ಪರೀಕ್ಷೆಯದು, ‘ಎ’ಯಿಂದ ‘ಎಫ್’ವರೆಗೆ ಏರುತ್ತದೆ, ‘ಎಕ್ಸ್’ ಎಂದರೆ ಆ ಪರೀಕ್ಷೆ ಮಾಡಿಲ್ಲ. ಒಣ ಕಸದವರಿಗೆ ‘ಸಿ’ ಅಥವಾ ಅದಕ್ಕಿಂತ ಮೇಲಿನದನ್ನು ಕೊಳ್ಳಿ. ಒಂದು ಎಚ್ಚರಿಕೆ: ಚುಚ್ಚುವಿಕೆಯ ಪರೀಕ್ಷೆ ನಡೆಯುವುದು ಮೊಳೆಯಂಥ ದಪ್ಪ ಮೊನೆಯಿಂದ. ಆ ಅಂಕಿ ನಾಲ್ಕಿದ್ದರೂ ಇಂಜೆಕ್ಷನ್ ಸೂಜಿ ದಾಟಿಬಿಡಬಹುದು. ಸೂಜಿ ತಡೆಯುತ್ತದೆ ಎಂದು ಅಂಗಡಿಯವರು ಹೇಳಿದರೆ ಅದಕ್ಕೆ ಪ್ರತ್ಯೇಕ ಪರೀಕ್ಷೆಯ ಪತ್ರ ಕೇಳಿ.

ಅಳತೆಯ ವಿಷಯಕ್ಕೆ ಬಂದರೆ, ಹೆಬ್ಬೆರಳು ಬಿಟ್ಟು ಅಂಗೈಯ ಗೆಣ್ಣುಗಳ ಸುತ್ತ ಟೇಪು ಹಿಡಿಯಿರಿ. ಏಳು ಇಂಚು ಬಂದರೆ 7ನೇ ಸೈಜು, ಎಂಟು ಬಂದರೆ 8. ಬೆಂಗಳೂರಿನಂಥ ಊರಲ್ಲಿ ಬೀದಿ ಗುಡಿಸುವವರಲ್ಲಿ ಹೆಂಗಸರೇ ಹೆಚ್ಚು, ಅವರಲ್ಲಿ ಬಹುಪಾಲು ಮಂದಿಗೆ 7 ಅಥವಾ 8 ಸಾಕು. ಸಗಟಿನಲ್ಲಿ ಬರುವುದು 9, 10. ಟೆಂಡರಿನಲ್ಲಿ ‘ಫ್ರೀ ಸೈಜ್’ ಎಂದು ಬರೆದರೆ ಗಂಡಸರ ಕೈಯ ಅಳತೆಯೇ ಬರುತ್ತದೆ. ಕೊಳ್ಳುವ ಮುನ್ನ ಮಾದರಿ ತರಿಸಿ, ಕೆಲಸ ಮಾಡುವವರ ಕೈಗೇ ಹಾಕಿಸಿ, ಗಂಟು ಹಾಕಿದ ಒಂದು ಕವರು ಕೊಡಿ, ನೆಲದ ಮೇಲಿನ ಒಂದು ರೂಪಾಯಿ ನಾಣ್ಯ ಎತ್ತಲು ಹೇಳಿ. ಎರಡೂ ಆಗದಿದ್ದರೆ ಆ ಗ್ಲೌಸ್ ವಾಪಸು ಕಳಿಸಿ.

ಒಬ್ಬರಿಗೆ ಒಂದು ಸಲಕ್ಕೆ ಎರಡು ಜೊತೆ ಕೊಡಬೇಕು, ಒಂದು ಒಣಗುವಾಗ ಇನ್ನೊಂದು ಕೈಯಲ್ಲಿರಲಿ. ಪೊರಕೆಯ ಹಿಡಿ ಉಜ್ಜುವ ಜಾಗ, ಅಂದರೆ ಹೆಬ್ಬೆರಳು-ತೋರುಬೆರಳ ನಡುವಿನ ಸಂದಿ ಮೊದಲು ಸವೆಯುತ್ತದೆ. ಅಲ್ಲಿ ನೇಯ್ಗೆ ಕಂಡ ದಿನವೇ ಬದಲಿಸಬೇಕು. ಆ ಸವೆತಕ್ಕೆ ಸಾಮಾನ್ಯವಾಗಿ ತಿಂಗಳು ಸಾಕು. ವರ್ಷಕ್ಕೊಂದು ಜೊತೆ ಕೊಡುವ ಕಿಟ್‌ಗೆ ಗ್ಲೌಸ್ ವಿಷಯದಲ್ಲಿ ಸೊನ್ನೆ ಅಂಕ.

ಸೂಜಿ ಚುಚ್ಚಿದರೆ ಏನು ಮಾಡಬೇಕೆಂಬ ಚೀಟಿ ಪ್ರತಿ ಕಿಟ್‌ನಲ್ಲೂ ಇರಬೇಕು. ನಾವು ನೋಡಿದ ಯಾವ ಕಿಟ್‌ನಲ್ಲೂ ಇರಲಿಲ್ಲ. ಗಾಯ ಹಿಂಡಬಾರದು, ಬಾಯಿಗೆ ಇಡಬಾರದು. ಹರಿಯುವ ನೀರು, ಸೋಪಿನಲ್ಲಿ ತೊಳೆದು ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ ಶುರುವಾಗಬೇಕಾದದ್ದು 72 ಗಂಟೆಯೊಳಗೆ, ಮೊದಲ ಎರಡು ತಾಸಿನಲ್ಲಾದರೆ ಅತ್ಯುತ್ತಮ. 28 ದಿನ ತಪ್ಪದೆ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆಯನ್ನಂತೂ ಕೆಲಸಕ್ಕೆ ಸೇರಿದಾಗಲೇ ಮೂರು ಡೋಸ್ ಹಾಕಿಸಬೇಕು: ಮೊದಲನೆಯದರ ತಿಂಗಳ ನಂತರ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಧನುರ್ವಾಯು ಚುಚ್ಚುಮದ್ದು ಹತ್ತು ವರ್ಷಕ್ಕೊಮ್ಮೆ.

ಬೂಟು

ಎಲ್ಲರಿಗೂ ಗಮ್‌ಬೂಟ್ ಕೊಡುವುದೇ ಮೊದಲ ತಪ್ಪು. ನಾಲ್ಕೈದು ಕಿಲೋಮೀಟರ್ ನಡೆದು ಗುಡಿಸುವವರಿಗೆ ಏಪ್ರಿಲ್ ಬಿಸಿಲಲ್ಲಿ ಪಿವಿಸಿ ಬೂಟು ಎಂದರೆ ಕಾಲನ್ನು ಬೆವರಿನಲ್ಲಿ ಬೇಯಿಸಿದಂತೆ. ಅವರಿಗೆ ಬೇಕಾದದ್ದು ಮುಂಭಾಗ ಮುಚ್ಚಿದ, ಹಗುರಾದ, ಜಾರದ ಅಟ್ಟೆಯ ಶೂ. ಗಮ್‌ಬೂಟ್ ಮಳೆಗಾಲಕ್ಕೆ, ಮೋರಿಗೆ, ಹಸಿ ಕಸದ ಲೋಡಿಂಗ್‌ಗೆ.

ಗಮ್‌ಬೂಟ್ ಕೊಳ್ಳುವಾಗ ಐಎಸ್ 12254 ಗುರುತು ನೋಡಿ. ಪಿವಿಸಿ ಕೈಗಾರಿಕಾ ಬೂಟಿನ ಭಾರತೀಯ ಮಾನಕ ಅದು. ಅಗ್ಗದ ಬೂಟನ್ನು ಬಗ್ಗಿಸಿ ನೋಡಿದರೆ ಬೆರಳು ಮಡಚುವ ಜಾಗದಲ್ಲಿ ಬಿಳಿ ಗೆರೆ ಮೂಡುತ್ತದೆ. ಅದು ಸೀಳುವುದೂ ಅಲ್ಲೇ. ಕಾಂಪ್ಯಾಕ್ಟರ್‌ (ಕಸ ಒತ್ತಿ ತುಂಬುವ ಲಾರಿ) ನಡೆಸುವವರಿಗೆ, ಮ್ಯಾನ್‌ಹೋಲ್ ಮುಚ್ಚಳ ಎತ್ತುವವರಿಗೆ ಬೆರಳ ಮೇಲೆ ಉಕ್ಕಿನ ತೊಪ್ಪಿಗೆ ಇರಲೇಬೇಕು. ಅದಿದ್ದ ಮಾತ್ರಕ್ಕೆ ಮೊಳೆ ತಡೆಯುವುದಿಲ್ಲ. ಅಟ್ಟೆಯೊಳಗೂ ಉಕ್ಕಿನ ತಗಡು ಇದೆಯೇ ಎಂದು ಬೇರೆಯಾಗಿ ಕೇಳಬೇಕು. ಹೆಂಗಸರಿಗೆ 4, 5ನೇ ಸೈಜು ತರಿಸಿ. ದೊಡ್ಡ ಬೂಟಿಗೆ ಬಟ್ಟೆ ತುರುಕಿ ನಡೆಯುವವರ ಹಿಮ್ಮಡಿ ವಾರದೊಳಗೆ ಉಜ್ಜಿ ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಆ ಹುಣ್ಣು ಬೆರಳನ್ನೇ ಕೇಳಬಹುದು.

ಬೂಟಿನ ಜೊತೆ ಮೂರು ಜೊತೆ ಹತ್ತಿ ಕಾಲುಚೀಲ ಕೊಡದ ಕಿಟ್ ಅರೆಬರೆ ಕಿಟ್. ಒದ್ದೆ ಬೂಟನ್ನು ಬೋರಲು ಹಾಕಿ ಒಣಗಿಸಲು ಗೋಡೆಯ ಮೇಲೆ ಒಂದು ಸಾಲು ಗೂಟ ಬೇಕು, ಅದಕ್ಕೆ ಖರ್ಚೇನೂ ಇಲ್ಲ.

ಮೋರಿ ನೀರಿನಲ್ಲಿ ಇಲಿಯ ಮೂತ್ರ ಬೆರೆತಿರುತ್ತದೆ. ಕಾಲಿನ ಸಣ್ಣ ಗೀರಿನಿಂದಲೂ ಇಲಿ ಜ್ವರದ ರೋಗಾಣು ಒಳಹೊಗುತ್ತದೆ. ಮಳೆಗಾಲದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಮೂರೂ ಬಂದರೆ ‘ನಾನು ಮೋರಿ ಕೆಲಸ ಮಾಡುತ್ತೇನೆ’ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಆ ಒಂದು ಮಾತಿನಿಂದ ಸರಿಯಾದ ಪರೀಕ್ಷೆ ಬೇಗ ಆಗುತ್ತದೆ.

ಮಾಸ್ಕ್

ನೀಲಿ ಮೂರು ಪದರದ ಮಾಸ್ಕ್ ರಸ್ತೆ ಧೂಳಿಗೆ ಏನೂ ಅಲ್ಲ. ಕೆನ್ನೆಯ ಪಕ್ಕದಿಂದ ಗಾಳಿ ನೇರ ಒಳಗೆ ಬರುತ್ತದೆ. ಸೀರೆ ಸೆರಗೂ ಹಾಗೆಯೇ. ಮೀಡಿಯನ್ (ರಸ್ತೆ ನಡುವಿನ ವಿಭಜಕ) ಪಕ್ಕದಲ್ಲಿ ಕೂತ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಕೆಡುತ್ತದೆ. ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಮಾಸ್ಕ್ ಕನಿಷ್ಠ 94 ಶೇಕಡಾ ಸೋಸುತ್ತದೆ. ಮೂಗಿನ ಮೇಲಿನ ತಗಡು ಒತ್ತಿ, ಎರಡು ಪಟ್ಟಿಯನ್ನೂ ತಲೆಯ ಹಿಂದಕ್ಕೆ ಹಾಕಿಕೊಂಡರೆ ಮಾತ್ರ ಆ ಮಾತು ನಿಜ. ಕಿವಿಗೆ ಸಿಕ್ಕಿಸುವ ಬಗೆ ಬೇಡ. ಮುಂದೆ ಕವಾಟ ಇರುವುದು ಸೆಕೆಗೆ ಮೇಲು.

ಆದರೂ ಪ್ರಾಮಾಣಿಕವಾಗಿ ಹೇಳಬೇಕಾದದ್ದು: ಪೊರಕೆ ಬೀಸುತ್ತಾ ಏದುಸಿರು ಬಿಡುವವರು ಇದನ್ನು ಎಂಟು ಗಂಟೆ ಹಾಕಿಕೊಳ್ಳಲಾರರು. ಬೆವರಿಗೆ ಎರಡು ತಾಸಿನಲ್ಲಿ ಒದ್ದೆಯಾಗಿ ಉಸಿರು ಕಟ್ಟುತ್ತದೆ. ಮಾಸ್ಕಿಗಿಂತ ಮೊದಲು ಧೂಳನ್ನೇ ಕಡಿಮೆ ಮಾಡಬೇಕು. ಧೂಳು ಹೆಚ್ಚಿರುವ ಅಂಚಿಗೆ ಗುಡಿಸುವ ಮುನ್ನ ನೀರು ಚಿಮುಕಿಸಿ. ಗಾಳಿಗೆ ಬೆನ್ನು ಕೊಟ್ಟು ಗುಡಿಸಿ. ದೊಡ್ಡ ರಸ್ತೆಯ ಮೀಡಿಯನ್ ಅಂಚನ್ನು ಯಂತ್ರಕ್ಕೆ ಬಿಡಿ. ಮಾಸ್ಕನ್ನು ಧೂಳಿನ ಆ ಅರ್ಧ-ಮುಕ್ಕಾಲು ಗಂಟೆಗೆ ಮೀಸಲಿಟ್ಟರೆ ಅದು ಹಾಕಿದಲ್ಲೇ ಇರುತ್ತದೆ. ಪೊರಕೆಯ ಹಿಡಿ ಗಿಡ್ಡವಿದ್ದರೆ ಮುಖ ಧೂಳಿನ ಹತ್ತಿರ ಬಾಗುತ್ತದೆ, ಸೊಂಟವೂ ಹೋಗುತ್ತದೆ. ನೆಟ್ಟಗೆ ನಿಂತಾಗ ಹಿಡಿಯ ತುದಿ ಎದೆಯ ಮಟ್ಟಕ್ಕೆ ಬರಲಿ. ಪೊರಕೆಯನ್ನು ಕಿಟ್ ಎಂದು ಯಾರೂ ಎಣಿಸುವುದಿಲ್ಲ. ಎಣಿಸಬೇಕು.

ಬ್ಲೀಚಿಂಗ್ ಪೌಡರನ್ನು ಬರಿಗೈಯಲ್ಲಿ ಎರಚುವುದು ಇನ್ನೂ ನಡೆದಿದೆ. ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು, ಸೊಂಟದ ಕೆಳಗಿನಿಂದ ಉದುರಿಸಬೇಕು. ಶೌಚಾಲಯ ತೊಳೆಯುವವರು ಅದರ ಮೇಲೆ ಆಸಿಡ್ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಎಫ್‌ಎಫ್‌ಪಿ2 ಸೇರಿ ಧೂಳಿನ ಯಾವ ಮಾಸ್ಕೂ ಅದನ್ನು ತಡೆಯದು.

ಜಾಕೆಟ್, ರೇನ್‌ಕೋಟ್

ಜಾಕೆಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಲೆಬಟ್ಟೆಯದು, ಮುಂದೆ ವೆಲ್ಕ್ರೋ ಇರುವುದು ಒಳ್ಳೆಯದು. ಗಾಡಿಗೆ ಸಿಕ್ಕಿಕೊಂಡರೆ ಕಿತ್ತು ಬರುತ್ತದೆ, ಮೈ ಎಳೆಯುವುದಿಲ್ಲ. ಮಿನುಗುವ ಪಟ್ಟಿ ಐದು ಸೆಂಟಿಮೀಟರ್ ಅಗಲವಿರಲಿ. ಒಗೆದಂತೆ ಪಟ್ಟಿ ಮಂಕಾಗುತ್ತದೆ. ಒಳ್ಳೆಯ ಜಾಕೆಟ್ಟಿನ ಲೇಬಲ್ ಮೇಲೆ ಎಷ್ಟು ಸಲ ಒಗೆಯಬಹುದೆಂದು ಬರೆದಿರುತ್ತದೆ. ಕತ್ತಲಲ್ಲಿ ಹತ್ತು ಹೆಜ್ಜೆ ದೂರ ನಿಂತು ಮೊಬೈಲ್ ಟಾರ್ಚ್ ಬಿಟ್ಟಾಗ ಹೊಳೆಯದಿದ್ದರೆ ಅದು ಬರೀ ಬಣ್ಣದ ಬಟ್ಟೆ.

ರೇನ್‌ಕೋಟ್‌ನಲ್ಲಿ ಪ್ಯಾಂಟು-ಶರ್ಟಿನ ಬಗೆ ಸೀರೆಯವರಿಗೆ ಉಪಯೋಗಕ್ಕೆ ಬಾರದು. ಮೊಣಕಾಲ ಕೆಳಗಿನವರೆಗಿನ ಉದ್ದ ಕೋಟು ತರಿಸಿ. ಕಂಬಳಿಯಂತೆ ಹೊದೆಯುವ ಅಗಲ ಬಗೆಯನ್ನು ಕಾಂಪ್ಯಾಕ್ಟರ್ ಹತ್ತಿರ ಬಿಡಲೇಬೇಡಿ, ಅಂಚು ಯಂತ್ರಕ್ಕೆ ಸಿಕ್ಕೀತು. ತಲೆಯ ಟೊಪ್ಪಿಗೆ ಪಕ್ಕದ ನೋಟ ಮುಚ್ಚುವುದಾದರೆ ಹಿಂದೆ ಬರುವ ಗಾಡಿ ಕಾಣದು.

ಮ್ಯಾನ್‌ಹೋಲ್ ಕಿಟ್ ಎಂದು ಮಾರುವುದು

ಗ್ಲೌಸ್, ಹೆಲ್ಮೆಟ್, ಬೂಟು, ಮಾಸ್ಕ್ ಸೇರಿಸಿ ‘ಮ್ಯಾನ್‌ಹೋಲ್ ಕಿಟ್’ ಎಂದು ಮಾರುವ ಪೆಟ್ಟಿಗೆಯನ್ನು ಕೊಳ್ಳಬೇಡಿ. ಅದು ಕೊಟ್ಟ ಧೈರ್ಯವೇ ಜೀವ ತೆಗೆಯುತ್ತದೆ. ಗುಂಡಿಯೊಳಗೆ ಕೊಲ್ಲುವುದು ಹೊಲಸಲ್ಲ; ಆಮ್ಲಜನಕ ಇಲ್ಲದಿರುವುದು, ಹೈಡ್ರೋಜನ್ ಸಲ್ಫೈಡ್ ಇರುವುದು. ಸೋಸುವ ಮಾಸ್ಕ್ ಇಲ್ಲದ ಆಮ್ಲಜನಕವನ್ನು ತಂದುಕೊಡಲಾರದು. ಕೊಳೆತ ಮೊಟ್ಟೆ ವಾಸನೆಯ ಆ ಅನಿಲ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು) ಆಸುಪಾಸು ತಲುಪಿದಾಗ ಮೂಗೇ ಜಡವಾಗುತ್ತದೆ. ‘ಈಗ ವಾಸನೆ ಹೋಯ್ತು, ಇಳಿಯಬಹುದು’ ಎಂದುಕೊಳ್ಳುವ ಗಳಿಗೆಯೇ ಅತಿ ಅಪಾಯದ್ದು. ಬೆಂಕಿಕಡ್ಡಿ ಗೀರಿ ನೋಡುವ ಹಳೆಯ ಪದ್ಧತಿಯಂತೂ ಮೀಥೇನ್ ಇದ್ದರೆ ಸ್ಫೋಟಕ್ಕೆ ದಾರಿ.

ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಸುರಕ್ಷತೆಯಿಲ್ಲದೆ ಯಾರನ್ನೂ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವಂತಿಲ್ಲ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದು ಅಪಾರ್ಟ್‌ಮೆಂಟ್ ಸಂಘಕ್ಕೂ ಮನೆ ಮಾಲೀಕರಿಗೂ ಅನ್ವಯ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ತೊಟ್ಟಿ ತೊಳೆಯಲು ಯಾರನ್ನೋ ಕರೆಸುವಾಗ ಇದನ್ನು ಮರೆಯುತ್ತಾರೆ. ಸಕ್ಕಿಂಗ್, ಜೆಟ್ಟಿಂಗ್ ಯಂತ್ರದಿಂದ ಆಗುವ ಕೆಲಸಕ್ಕೆ ಮನುಷ್ಯ ಬೇಡ. ಯಂತ್ರದಿಂದ ಆಗದ ಅಪರೂಪದ ಸಂದರ್ಭಕ್ಕೆ ಅದೇ ವರ್ಷದ ನಿಯಮಗಳಲ್ಲಿ ಉದ್ದದ ಪಟ್ಟಿಯಿದೆ: ನಾಲ್ಕು ಅನಿಲ ಅಳೆಯುವ ಮೀಟರ್, ಬ್ಲೋವರ್, ಹೊರಗಿನಿಂದ ಗಾಳಿ ಕೊಡುವ ಏರ್‌ಲೈನ್ ಉಸಿರಾಟದ ಸಾಧನ, ಮೈಪಟ್ಟಿ, ಇಳಿದವರನ್ನು ಹಗ್ಗದಿಂದ ಮೇಲೆತ್ತಲು ಗುಂಡಿಯ ಮೇಲೆ ನಿಲ್ಲಿಸುವ ಮುಕ್ಕಾಲಿ. ತೊಂಬತ್ತು ನಿಮಿಷ ಕೆಲಸಕ್ಕೆ ಮೂವತ್ತು ನಿಮಿಷ ವಿರಾಮ, ಕನಿಷ್ಠ ಹತ್ತು ಲಕ್ಷದ ಜೀವವಿಮೆ ಕೂಡ ಅದರಲ್ಲೇ ಇವೆ. ಸತ್ತರೆ ಕುಟುಂಬಕ್ಕೆ ಮೂವತ್ತು ಲಕ್ಷ ಪರಿಹಾರ ಎಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ.

ಇಷ್ಟರಲ್ಲಿ ದುಡ್ಡು ಹಾಕಲೇಬೇಕಾದದ್ದು ಅನಿಲ ಮೀಟರಿಗೆ. ಅದನ್ನು ಹಗ್ಗ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಇಳಿಸಿ ಓದಬೇಕು. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಆಮ್ಲಜನಕ 19.5 ಶೇಕಡಾಕ್ಕಿಂತ ಕೆಳಗಿದ್ದರೆ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಮುಟ್ಟಿದರೆ ಇಳಿಯುವಂತಿಲ್ಲ. ಹೂಳು ಕಲಕಿದಾಗ ಹೊಸ ಅನಿಲ ಏಳುವುದರಿಂದ ಕೆಲಸ ಮುಗಿಯುವವರೆಗೂ ಮೀಟರ್ ಮೈಮೇಲೇ ಇರಬೇಕು, ಬ್ಲೋವರ್ ಓಡುತ್ತಲೇ ಇರಬೇಕು. ಮೀಟರಿನ ಸೆನ್ಸರ್‌ಗಳು ಸಾಮಾನ್ಯವಾಗಿ ಎರಡು ಮೂರು ವರ್ಷದಲ್ಲಿ ಸಾಯುತ್ತವೆ. ಪರದೆ ಬೆಳಗುತ್ತದೆ ಎಂದರೆ ಅಳೆಯುತ್ತಿದೆ ಎಂದಲ್ಲ. ಪರೀಕ್ಷಾ ಅನಿಲ ಬಿಟ್ಟು ತೋರಿಸಿಕೊಡದ ಮಾರಾಟಗಾರರಿಂದ ಕೊಳ್ಳಬೇಡಿ. ಮುಕ್ಕಾಲಿ ಮತ್ತು ಹಗ್ಗ ಇಲ್ಲದಿದ್ದರೆ ಒಳಗೆ ಬಿದ್ದವರನ್ನು ಎತ್ತಲು ಇನ್ನೊಬ್ಬರು ಹಾರುತ್ತಾರೆ, ಇಬ್ಬರೂ ಬರುವುದಿಲ್ಲ.

ಕಿಟ್‌ನಲ್ಲಿ ಇರದ ವಸ್ತುಗಳು

ಸೋಪು, ನಲ್ಲಿ, ಬೀಗ ಹಾಕುವ ಒಂದು ಪೆಟ್ಟಿಗೆ. ಇವಿಲ್ಲದೆ ಉಳಿದದ್ದೆಲ್ಲ ಅರ್ಧ. ಹಾಜರಾತಿ ಕೂಗುವ ಮಸ್ಟರಿಂಗ್ ಸೆಂಟರಿನಲ್ಲಿ ಇಡಲು ಜಾಗ ಇಲ್ಲದಿದ್ದರೆ ಕಸದ ನೀರು ಕುಡಿದ ಕೋಟು, ಗ್ಲೌಸ್ ಮನೆಗೆ ಹೋಗುತ್ತವೆ, ಮಗುವಿನ ಯೂನಿಫಾರ್ಮ್ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಯುತ್ತವೆ. ಬೆಂಗಳೂರಿನಲ್ಲಿ ಪೌರಕಾರ್ಮಿಕರಿಗೆಂದು ಇಟ್ಟ ಸುವಿಧಾ ಕ್ಯಾಬಿನ್‌ಗಳ ಕಲ್ಪನೆ ಒಳ್ಳೆಯದು: ಬಟ್ಟೆ ಬದಲಿಸುವ ಜಾಗ, ಶೌಚಾಲಯ, ಕುಡಿಯುವ ನೀರು. ಶೌಚಾಲಯ ಹತ್ತಿರವಿಲ್ಲದ ಬೀದಿಯಲ್ಲಿ ಹೆಂಗಸರು ಬೆಳಗಿನಿಂದ ನೀರೇ ಕುಡಿಯದೆ ಕೆಲಸ ಮಾಡುತ್ತಾರೆ. ಉರಿಮೂತ್ರ, ತಲೆಸುತ್ತು ಅಲ್ಲಿಂದ ಬರುತ್ತವೆ. ಯಾವ ಗ್ಲೌಸೂ ಅದಕ್ಕೆ ಮದ್ದಲ್ಲ.

ಹತ್ತು ಮಂದಿ ಗುಡಿಸುವವರು, ಇಬ್ಬರು ಲೋಡರ್‌ಗಳಿರುವ ವಾರ್ಡಿಗೆ ಮೂರು ತಿಂಗಳಿಗೆ ಕೊಳ್ಳುವುದಾದರೆ ನಮ್ಮ ಚೀಟಿ ಹೀಗಿರುತ್ತದೆ. ಅಂಗೈ ಅದ್ದಿದ ನೈಟ್ರೈಲ್ ಗ್ಲೌಸ್ ಅರವತ್ತು ಜೊತೆ, ಅಳತೆ ತೆಗೆದು 7 ಮತ್ತು 8ರಲ್ಲಿ ಹಂಚಿ. ಪೂರ್ತಿ ಅದ್ದಿದ್ದು ಹನ್ನೆರಡು ಜೊತೆ. ಮುಚ್ಚಿದ ಶೂ ಹತ್ತು ಜೊತೆ. ಗಮ್‌ಬೂಟ್ ಹನ್ನೆರಡು, ಅದರಲ್ಲಿ ಲೋಡರ್‌ಗಳ ಎರಡಕ್ಕೆ ಉಕ್ಕಿನ ತೊಪ್ಪಿಗೆ. ಕಾಲುಚೀಲ ಮೂವತ್ತಾರು ಜೊತೆ. ಎಫ್‌ಎಫ್‌ಪಿ2 ಮಾಸ್ಕ್ ತಲಾ ವಾರಕ್ಕೆ ಎರಡರಂತೆ. ಬ್ಲೀಚಿಂಗ್ ಪೌಡರಿಗೆ ತೂತಿನ ಡಬ್ಬಿ ಎರಡು. ಕೈ ತೊಳೆಯುವ ಸೋಪು ತಲಾ ತಿಂಗಳಿಗೆ ಎರಡು, ಬಟ್ಟೆ ಸೋಪು ಬೇರೆ. ಗೋಡೆಗೆ ಇಪ್ಪತ್ತನಾಲ್ಕು ಗೂಟ. ಮತ್ತು ಸೂಜಿ ಚುಚ್ಚಿದರೆ ಹೋಗಬೇಕಾದ ಆಸ್ಪತ್ರೆಯ ಹೆಸರು, ಫೋನ್ ನಂಬರು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಹಲಗೆ, ನಲ್ಲಿಯ ಮೇಲೆ.